ಕಾಕಾನ ಬಸ್ಸಿಗೊಂದು ಕ್ಯಾಮೆರಾ

ಮೊನ್ನೆ ಟ್ರಂಕಿನ ತಳದಲ್ಲಿ ಜಾತಕ ಹುಡುಕುತ್ತಿದ್ದೆ. ಯಾರ ಜಾತಕ, ಯಾಕೆ ಎಂದು ಕೇಳಬೇಡಿ. ನನ್ನದೇ, ಕಾರಣವೂ ನೀವು ಊಹಿಸಿದ್ದೇ. ಜಾತಕದ ಬದಲು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ವಿಡಿಯೋ ಟೇಪು ಕೈಗೆ ಬಂತು. ಮೇಲೆ ನನ್ನದೇ ಅಕ್ಷರ: "ಕಾಕಾ. ಬಸ್ಸು. ಅಳಿಸಬ್ಯಾಡ್ರಿ." ಮೂಗಿಗೆ ಹಿಡಿದೆ. ನುಸಿಗುಳಿಗೆಯ ವಾಸನೆಯ ಅಡಿಯಲ್ಲಿ ಒಂದಿಷ್ಟು ಡೀಸೆಲ್ಲಿನ ವಾಸನೆಯೂ ಇತ್ತು ಎಂದು ಬರೆದರೆ ಪ್ರಬಂಧಕ್ಕೆ ಚೆಂದ. ಇರಲಿಲ್ಲ.

ಆರೇಳು ವರ್ಷದ ಹಿಂದಿನ ಮಾತು. ಕಾಕಾ ಎಂದರೆ ನನ್ನಪ್ಪನ ತಮ್ಮ. ಹುಬ್ಬಳ್ಳಿ–ಧಾರವಾಡ ನಡುವೆ ಬಸ್ಸು ಓಡಿಸುತ್ತಿದ್ದ. ಕಾಲೇಜು ಓದುವಾಗ, ಅಂದರೆ ಓದುತ್ತೇನೆಂದು ಹೇಳಿಕೊಳ್ಳುವಾಗ, ನಾನು ಧಾರವಾಡದ ಮಾಳಮಡ್ಡಿಯಲ್ಲಿ ಅವನ ಮನೆಯಲ್ಲೇ ಇದ್ದೆ. ಮನೆಯಲ್ಲಿ ಕಾಕಾನ ಭಾಷೆಗೆ ಒಟ್ಟು ಮೂರು ಶಬ್ದ: "ಹೂಂ", "ಸಾಕು", "ದೀಪಾ". ಮೂರನೆಯದು ದೀಪ ಆರಿಸಿರಿ ಎಂಬುದರ ಸಂಕ್ಷಿಪ್ತ ರೂಪ. ಅದೇ ಮನುಷ್ಯ ಸ್ಟೇರಿಂಗ್ ಹಿಂದೆ ಕೂತರೆ ಬಸ್ಸಿನಲ್ಲಿ ಸೀಟು ಸಿಕ್ಕವರೂ ಎದ್ದು ಮುಂದೆ ಬಂದು ನಿಲ್ಲುತ್ತಿದ್ದರು, ಮಾತು ಕೇಳಲಿಕ್ಕೆ.

ಇದನ್ನು ನಾನು ಚಿಗವ್ವನಿಗೆ, ಅಂದರೆ ಕಾಕಾನ ಹೆಂಡತಿಗೆ, ಸಾವಿರ ಸಲ ಹೇಳಿದ್ದೆ. ಹೇಳಿದ್ದಲ್ಲ, ಮಾಡಿ ತೋರಿಸಿದ್ದೆ. ತೊಂದರೆ ಇದ್ದದ್ದೇ ಅಲ್ಲಿ. ನನಗೆ ಮಂದಿಯ ದನಿ ತೆಗೆಯುವ ಚಟ. ಕಾಯಿಪಲ್ಲೆಯವಳ ಹಾಗೆ ಕೂಗಿ ಓಣಿಯ ಹೆಂಗಸರನ್ನೆಲ್ಲ ಬಾಗಿಲಿಗೆ ಕರೆಸಿದ್ದೆ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರಿಗೆ ಅವರದೇ ದನಿಯಲ್ಲಿ ಉತ್ತರ ಹೇಳಿ, ಮರುವರ್ಷ ಅದೇ ಉತ್ತರವನ್ನು ನನ್ನ ದನಿಯಲ್ಲಿ ಹೇಳಿ ಬಂದಿದ್ದೆ. ಇಂಥವನ ಸಾಕ್ಷಿ ಯಾರು ನಂಬುತ್ತಾರೆ?

"ಅವರ ಬಾಯಾಗ ಇಷ್ಟ ಮಾತು ಇಲ್ಲಪಾ," ಎನ್ನುತ್ತಿದ್ದಳು ಚಿಗವ್ವ, ಮೊರದಲ್ಲಿ ಜೋಳ ಕೇರುತ್ತ. "ಇವೆಲ್ಲಾ ನೀ ಹೊಸೆದದ್ದು."

ಮದುವೆಯಾದ ಹೊಸದರಲ್ಲಿ ಒಮ್ಮೆ ಅವನ ಬಸ್ಸು ಹತ್ತಿದ್ದಳಂತೆ. ಧಾರವಾಡ ಮುಟ್ಟುವ ತನಕ ಕಾಕಾ ತುಟಿ ಬಿಚ್ಚಿರಲಿಲ್ಲ. ಹಲ್ಲುನೋವೇ ಎಂದು ಇಬ್ಬರು ಪ್ರಯಾಣಿಕರು ವಿಚಾರಿಸಿದ್ದರಂತೆ. ಆಮೇಲೆ ಅವಳು ಆ ಬಸ್ಸು ಹತ್ತಲಿಲ್ಲ.

ಅಷ್ಟರಲ್ಲಿ ನಿವೃತ್ತಿಯ ತಿಂಗಳು ಬಂತು. ಕಡೆಯ ದಿನಕ್ಕೆ ಒಂದು ವಾರವಿದ್ದಾಗ ಚಿಗವ್ವ ನಗುತ್ತಲೇ ಅಂದಳು: "ನೀ ಹೇಳೂದು ಖರೇನ ಇದ್ರ ಊರ ಮಂದಿಗೆಲ್ಲಾ ಸಿಕ್ಕ ಮಾತು ನನಗೊಬ್ಬಾಕಿಗೆ ಸಿಗಲಿಲ್ಲ ಅಂದಂಗಾತು. ಇನ್ನ ಎಲ್ಲಿಂದ ಸಿಗಬೇಕು?" ಕೈಯಲ್ಲಿನ ಮೊರ ಆಡುವುದು ನಿಂತಿತ್ತು. ನಾನು ಆ ಮಾತನ್ನು ಅಣಕಿಸಲು ಬಾಯಿ ತೆರೆದು, ಯಾಕೋ ಮುಚ್ಚಿದೆ. ನನ್ನ ಬದುಕಿನಲ್ಲಿ ಅದು ಅಪರೂಪದ ಘಟನೆ.

ಕಡೆಯ ಟ್ರಿಪ್ಪನ್ನು ಬಸ್ಸಿನೊಳಗಿಂದಲೇ ವಿಡಿಯೋ ಮಾಡುವುದೆಂದು ನಿಶ್ಚಯಿಸಿದೆ. ಕ್ಯಾಮೆರಾ ಕಂಡರೆ ಕಾಕಾ ಮತ್ತೆ ಹಲ್ಲುನೋವಿನವನಾಗುತ್ತಾನೆ, ಆದ್ದರಿಂದ ಕದ್ದು. ಹುಬ್ಬಳ್ಳಿಯಲ್ಲಿ ಮದುವೆ ವಿಡಿಯೋ ಮಾಡುವ ಈರಣ್ಣ ನನ್ನ ಗೆಳೆಯ. ಹೋದವನೇ ಕೇಳಿದೆ: "ಓಡೋ ಬಸ್ಸಿನ್ಯಾಗ ಹಿಡಿಯಾಕ ಯಾವ ಕ್ಯಾಮೆರಾ ಛಲೋ?"

"ಎಲ್ಲಾ ಛಲೋನ ಅದಾವು," ಎಂದ. "ಮದವಿಯಾಗ ಯಾರೂ ಓಡೂದಿಲ್ಲಲ್ಲ. ಓಡೋರು ಮದಲ ಓಡಿ ಹೋಗಿರತಾರ."

ಮೂರು ಕ್ಯಾಮೆರಾ ಆಟೋದಲ್ಲಿ ಹಾಕಿಕೊಂಡು ಗಬ್ಬೂರಿನ ಕಡೆಗೆ ಹೊರಟೆವು. ಅಲ್ಲಿಯ ರಸ್ತೆಯ ತಗ್ಗುಗಳ ಮೇಲೆ ನಮಗಿಬ್ಬರಿಗೂ ವಿಶ್ವಾಸವಿತ್ತು. ಆಟೋದ ಕನ್ನಡಿಗೆ ಕಟ್ಟಿದ್ದ ನಿಂಬೆಹಣ್ಣು, ಮೆಣಸಿನಕಾಯಿಯೇ ನಮ್ಮ ನಾಯಕ, ನಾಯಕಿ. ಮೊದಲನೆಯದು ಹೆಗಲ ಮೇಲೆ ಹೊರುವ ಕ್ಯಾಮೆರಾ. ಭಾರಕ್ಕೇ ಅಲುಗುವುದಿಲ್ಲ, ನಿಜ. ಆದರೆ ಅದನ್ನು ಕದ್ದು ಒಯ್ಯುವುದೆಂದರೆ ರುಬ್ಬುಗುಂಡನ್ನು ಕಿಸೆಯಲ್ಲಿ ಇಟ್ಟ ಹಾಗೆ. ಎರಡನೆಯದು ದೂರದ್ದನ್ನು ಹತ್ತಿರ ಎಳೆದು ತೋರಿಸುವುದರಲ್ಲಿ ಗಟ್ಟಿ. ಆದರೆ ಓಡುವ ಗಾಡಿಯಲ್ಲಿ ಎಷ್ಟು ಹತ್ತಿರ ಎಳೆದರೆ ಕುಲುಕಾಟ ಅಷ್ಟು ಜಾಸ್ತಿ. ನಿಂಬೆಹಣ್ಣು ಚೌಕಟ್ಟಿನಲ್ಲಿ ಒಮ್ಮೆಯೂ ಪೂರ್ತಿ ಸಿಗಲಿಲ್ಲ. ಮೂರನೆಯದು ಅಂಗೈಯಗಲದ್ದು. ಅಗಲವಾಗಿ ನೋಡುತ್ತಿತ್ತು, ನಡುಕ ತಡೆಯಲಿಕ್ಕೆಂದೇ ಒಂದು ಗುಂಡಿ ಇತ್ತು.

"ಎರಡನೇದ್ದಕ್ಕ ಹೊರಗಿನ ಮೈಕ್ ಚುಚ್ಚೂ ತೂತು ಐತಿ ನೋಡು," ಎಂದ ಈರಣ್ಣ.

"ಮೈಕ್ ತಗೊಂಡು ಏನ ಮಾಡ್ಲೋ? ಬಸ್ಸಿನ್ಯಾಗ ಭಾಷಣಾ ಐತೇನು?" ಎಂದು ನಾನು ಒಬ್ಬ ಪುಢಾರಿಯ ದನಿ ತೆಗೆದೆ. ಈರಣ್ಣ ನಕ್ಕ. ನಾನೂ ನಕ್ಕೆ. ಈ ನಗುವನ್ನು ನೆನಪಿಡಿ.

ಅಂಗಡಿಗೆ ಮರಳಿದಾಗ ಮಧ್ಯಾಹ್ನ ಎರಡು ಗಂಟೆ. ಆ ಹೊತ್ತಿಗೆ ನಮ್ಮ ಕಡೆಯ ಅಂಗಡಿಗಳು ಬಾಗಿಲು ಅರ್ಧ ಎಳೆದು ಮಲಗುತ್ತವೆ. ಪರದೆಯ ಆಚೆ ಈರಣ್ಣನ ಅಪ್ಪ ಊಟ ಮಾಡಿ ಅಡ್ಡಾಗಿದ್ದರು. ಅವರ ನಿದ್ದೆ ಕೆಡಿಸುವಷ್ಟು ಧೈರ್ಯ ನಮ್ಮಿಬ್ಬರಲ್ಲೂ ಇರಲಿಲ್ಲ. ಟಿ.ವಿ.ಯ ದನಿ ಪೂರ್ತಿ ಇಳಿಸಿ ಮೂರೂ ಚಿತ್ರ ನೋಡಿದೆವು. ಮೂರನೆಯದರಲ್ಲಿ ನಿಂಬೆಹಣ್ಣು ದೇವರ ಮುಂದೆ ಇಟ್ಟಷ್ಟು ಶಾಂತವಾಗಿತ್ತು. ಅದೇ ಆಯ್ಕೆಯಾಯಿತು. ವೈಜ್ಞಾನಿಕವಾಗಿ.

ಕಡೆಯ ದಿನ ಚಿಗವ್ವ ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದ ಕೌದಿಯನ್ನು ನಾಲ್ಕು ಮಡಿಕೆ ಮಾಡಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ಮಾಬೂಸಾಬನಿಗೆ ಮೊದಲೇ ಹೇಳಿದ್ದೆ. ಅವನು ಡ್ರೈವರಿನ ಪಕ್ಕ ಎಂಜಿನ್ನಿನ ಮುಚ್ಚಳದ ಮೇಲೆ ಜಾಗ ಮಾಡಿಕೊಟ್ಟ. ಕಾಕಾನ ಮುಖ ಇಡಿಯಾಗಿ ಕಾಣುವುದು ಅಲ್ಲಿಂದ ಮಾತ್ರ. ಕಾಕಾ ಕೌದಿ ನೋಡಿದ. "ಬಿಸಿ ಹತ್ತತೈತ್ರಿ, ಅದಕ್ಕ ತಂದೆ," ಎಂದೆ. ಕೌದಿಯ ಮಡಿಕೆಯಲ್ಲಿ ಕ್ಯಾಮೆರಾ ಕೂಸಿನ ಹಾಗೆ ಕಣ್ಣು ಬಿಟ್ಟುಕೊಂಡಿತ್ತು.

ಅಂದು ಕಾಕಾನ ಮಾತಿಗೆ ತಡೆಯೇ ಇರಲಿಲ್ಲ. ಹುಬ್ಬಳ್ಳಿಯಿಂದ ಧಾರವಾಡದ ತನಕ ಬಸ್ಸೆಲ್ಲ ನಕ್ಕಿತು. ನಾನು ಕೌದಿ ಅಪ್ಪಿಕೊಂಡು, ಗೆದ್ದೆ ಅಂದುಕೊಂಡೆ.

ಮರುದಿನ ಮಾಳಮಡ್ಡಿಯ ಮನೆಯಲ್ಲಿ ಟಿ.ವಿ.ಗೆ ವೈರು ಜೋಡಿಸಿದೆ. ಕದ್ದು ಹಿಡಿದದ್ದು ತಿಳಿದ ಕಾಕಾ "ಹೂಂ" ಎಂದು ಕುರ್ಚಿಯಲ್ಲಿ ಕೂತ. ಚಿಗವ್ವ ತೊಳೆದ ಪಾತ್ರೆ ಒರೆಸುವುದನ್ನು ಬಿಟ್ಟು, ಊಟದ ದುಂಡು ಗಂಗಾಳ ಹಿಡಿದುಕೊಂಡೇ ಬಂದಳು. ಚಿತ್ರ ಬಂತು. ಕಾಕಾನ ಮೀಸೆಯ ಒಂದೊಂದು ಕೂದಲೂ ನಿಚ್ಚಳ, ಒಂದಿಷ್ಟೂ ನಡುಕವಿಲ್ಲ. ದನಿ ಏರಿಸಿದೆ.

ಗುರ್ರ್ರ್. ಕ್ಯಾಮೆರಾದ ಕಿವಿ ಅದರ ಮೈಯಲ್ಲೇ. ಮೈ ಇದ್ದದ್ದು ಎಂಜಿನ್ನಿನ ನೆತ್ತಿಯ ಮೇಲೆ. ಕಾಕಾನ ತುಟಿ ಆಡುತ್ತಿತ್ತು, ಮಂದಿ ಹೊಟ್ಟೆ ಹಿಡಿದು ನಗುತ್ತಿದ್ದರು, ಕೇಳುತ್ತಿದ್ದದ್ದು ಎಂಜಿನ್ನೊಂದೇ.

"ಏನಪಾ ಇದು, ಹಿಟ್ಟಿನ ಗಿರಣಿ ಹಿಡಕೊಂಡು ಬಂದಿಯೇನು?" ಎಂದಳು ಚಿಗವ್ವ.

ಅವಮಾನಕ್ಕೆ ನನಗೆ ಗೊತ್ತಿರುವ ಮದ್ದು ಒಂದೇ. ಟಿ.ವಿ. ಪಕ್ಕ ನಿಂತು, ಪರದೆಯ ಮೇಲಿನ ಕಾಕಾನ ತುಟಿಗೆ ನನ್ನ ಮಾತು ಹೊಂದಿಸಿ ಅವನ ದನಿ ತೆಗೆದೆ. ನವಲೂರಿನಲ್ಲಿ ಪೇರಲಬುಟ್ಟಿಯ ಮುದುಕಿ ಹತ್ತುತ್ತಿದ್ದಳು: "ಯವ್ವಾ, ಲಗೂ ಹತ್ತು, ಬಸ್ಸು ಹೊಂಟೈತಿ…"

"ಸಾಕು ಮಾಡು," ಎಂದು ಚಿಗವ್ವ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕೆಟ್ಟದ್ದು. "ಮತ್ತ ನಿನ್ನ ಬಾಯಿನ ಕೇಳಬೇಕು ನಾ." ಅಡುಗೆಮನೆಯ ಕಡೆ ಎರಡು ಹೆಜ್ಜೆ ಇಟ್ಟಳು.

"ಹಂಗ ಅಂದಿಲ್ಲ ನಾ."

ಮಾತಾಡಿದ್ದು ಕುರ್ಚಿ. ಚಿಗವ್ವ ನಿಂತಳು.

"ಮತ್ತ ಹೆಂಗ ಅಂದಿದ್ರಿ?" ಎಂದು ಕೇಳಿದಳು, ತಿರುಗದೆಯೇ.

ಕಾಕಾ ಪರದೆ ನೋಡಿದ. ಗಂಟಲು ಸರಿಮಾಡಿಕೊಂಡ. "'ಯವ್ವಾ, ಮದಲ ಬುಟ್ಟಿ ಹತ್ತಸು, ಆಮ್ಯಾಲೆ ನೀ ಹತ್ತು. ನೀ ಉಳದ್ರ ನಡಕೊಂತರ ಬರತಿ, ಬುಟ್ಟಿಗೆ ಕಾಲಿಲ್ಲ' ಅಂದೆ." ಅಷ್ಟರಲ್ಲಿ ಪರದೆಯಲ್ಲಿ ಒಂದು ಎತ್ತು ಅಡ್ಡ ಬಂತು. "ಇಲ್ಲೆ ನೋಡು: 'ಬಸವಣ್ಣಾ, ಒಂದೀಟು ಸರೀರಿ. ನಾಳಿಂದ ನಾನೂ ನಿಮ್ಮಂಗನ ರಸ್ತಾದಾಗ ನಿಂದ್ರಾಂವ!'"

ಚಿಗವ್ವ ಫಕ್ಕನೆ ನಕ್ಕಳು. ಕಾಕಾ ಒಂದು ಕ್ಷಣ ಗಾಬರಿಯಾದ. ಆಮೇಲೆ ಶುರುವಾದದ್ದು ನಿಲ್ಲಲಿಲ್ಲ. ಕೈಗಳು ತಾವಾಗಿಯೇ ಎದ್ದು ಗಾಳಿಯಲ್ಲಿ ಸ್ಟೇರಿಂಗ್ ತಿರುಗಿಸತೊಡಗಿದವು. ಅದನ್ನು ನೋಡಿದ ಚಿಗವ್ವ ತನ್ನ ಕೈಯಲ್ಲಿದ್ದ ಗಂಗಾಳವನ್ನು ಅವನ ಕೈಗೆ ಕೊಟ್ಟಳು. ಗಂಗಾಳ ಹಿಡಿದು ಕಾಕಾ ಧಾರವಾಡದ ತನಕ ಬಸ್ಸು ಓಡಿಸಿದ.

"ಇಷ್ಟ ಮಾತು ಎಲ್ಲೆ ಇಟ್ಟಿದ್ರಿ ಇಷ್ಟ ವರ್ಷ?" ಎಂದು ಕೇಳಿದಳು.

ಕಾಕಾ ಯೋಚಿಸಿದ. "ಡಿಪೋದಾಗ," ಎಂದ. "ಗಾಡಿ ಕೂಡ ಅಲ್ಲೇ ಬಿಟ್ಟು ಬರತಿದ್ದೆ."

ಮೊನ್ನೆ ಟೇಪು ಸಿಕ್ಕ ಸುದ್ದಿ ಕೇಳಿ ಈರಣ್ಣ ಹುರುಪಿನಿಂದ ಹೇಳಿದ: "ಈಗ ಕಂಪ್ಯೂಟರ್‌ನ್ಯಾಗ ಗದ್ದಲಾ ತಗದು ಮಾತಷ್ಟ ಉಳಸಬಹುದು, ಸಿ.ಡಿ. ಮಾಡಿ ಕೊಡತೇನಿ." ಅದನ್ನೇ ಹೇಳಲು ನಿನ್ನೆ ಮಾಳಮಡ್ಡಿಗೆ ಹೋದೆ. ಕಟ್ಟೆಯ ಮೇಲೆ ಕಾಕಾ ಓಣಿಯ ಮಂದಿಯನ್ನು ಕೂರಿಸಿಕೊಂಡು ನನ್ನನ್ನು ಅಣಕಿಸಿ ತೋರಿಸುತ್ತಿದ್ದ. ಚೆನ್ನಾಗಿಯೇ ಮಾಡುತ್ತಿದ್ದ. ಮಾತು ಶುರುಮಾಡುವ ಮೊದಲು ನಾನು ಮೂಗು ಉಜ್ಜಿಕೊಳ್ಳುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಒಳಗೆ ಚಿಗವ್ವನ ಕೈಗೆ ಟೇಪು ಕೊಟ್ಟು ವಿಷಯ ಹೇಳಿದೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಬ್ಯಾಡ," ಎಂದಳು. "ಅವತ್ತ ಅದರಾಗ ದನಿ ಬಂದಿದ್ರ ಇವರು ಕುರ್ಚಿಮ್ಯಾಲೆ ಸುಮ್ಮನ ಕೂತು ನೋಡತಿದ್ರು."

ಹೊರಗೆ ಕಟ್ಟೆಯ ಮೇಲೆ ಇನ್ನೊಮ್ಮೆ ನಗು ಎದ್ದಿತು. ನಾನು ಮೂಗು ಉಜ್ಜಿಕೊಳ್ಳಲು ಎತ್ತಿದ ಕೈಯನ್ನು ಕೆಳಗಿಳಿಸಿದೆ. ಚಿಗವ್ವ ಟೇಪನ್ನು ಸೆರಗಿನಲ್ಲಿ ಒರೆಸಿ, ಗೋಡೆಗೆ ಒರಗಿಸಿದ್ದ ಅದೇ ಗಂಗಾಳದ ಹಿಂದೆ ಇಟ್ಟಳು.