ಮಳೆಗೊಂದು ಸುತ್ತೋಲೆ

ಉಡುಪಿಯ ಕಡೆ ಕೊಡೆ ಅಟ್ಟದಿಂದ ಇಳಿಯುವುದು ಮಳೆ ಬಂದಾಗ ಅಲ್ಲ, ಜೂನ್ ಒಂದನೆಯ ತಾರೀಕಿಗೆ. ಆಕಾಶ ದೋಸೆ ಕಾವಲಿಯ ಹಾಗೆ ಕಾದಿದ್ದರೂ ಸರಿ, ಆ ಬೆಳಿಗ್ಗೆ ಕಟಪಾಡಿಯ ಬಸ್ ನಿಲ್ದಾಣದಲ್ಲಿ ನಿಂತು ನೋಡಿದ್ದರೆ, ಮಡಚಿದ ಕೊಡೆಯನ್ನು ಕಂಕುಳಲ್ಲಿಟ್ಟುಕೊಂಡು ಬೆವರುತ್ತಿರುವ ಸಭ್ಯ ಗೃಹಸ್ಥರ ಸಾಲೊಂದು ನಿಮಗೆ ಕಾಣುತ್ತಿತ್ತು. ಬಿಸಿಲಿಗಾದರೂ ಬಿಚ್ಚಬಹುದಲ್ಲ ಎನ್ನುತ್ತೀರಿ. ಮಳೆಗಾಲದ ಕೊಡೆಯನ್ನು ಬಿಸಿಲಿಗೆ ಬಿಚ್ಚುವುದು ನಮ್ಮಲ್ಲಿ ಮರ್ಯಾದಸ್ಥರ ಲಕ್ಷಣವಲ್ಲ. ಆ ಸಾಲಿನಲ್ಲಿ ನಾನೂ ಇದ್ದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಕಾರ್ಕಳದ ಕಡೆಯ ಒಂದು ಅರಣ್ಯ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಕೊಡೆಯ ಮಟ್ಟಿಗೆ ಈ ಶಿಸ್ತು ನಿರುಪದ್ರವಿ. ಅದನ್ನೇ ಕಾಡಿಗೆ ಅನ್ವಯಿಸಿದರೆ ಏನಾಗುತ್ತದೆಂದು ಹತ್ತಿರದಿಂದ ಕಾಣುವ ಸೌಭಾಗ್ಯವೂ ನನ್ನದಾಯಿತು.

ಜೂನ್ ಎರಡನೆಯ ವಾರ ಮುಗಿಯುವುದರೊಳಗೆ ಗುಡ್ಡೆಗಳಲ್ಲಿ ಸಸಿ ನೆಟ್ಟು ವರದಿ ಕಳುಹಿಸತಕ್ಕದ್ದೆಂದು ಮೇಲಿನ ಕಚೇರಿಯ ಸುತ್ತೋಲೆಯಿತ್ತು. ಅದನ್ನು ಬರೆದ ಕಾಲದಲ್ಲಿ ಮಳೆಯೂ ಸರ್ಕಾರಿ ನೌಕರಿಯಲ್ಲಿದ್ದಿರಬೇಕು, ವೇಳೆಗೆ ಸರಿಯಾಗಿ ಹಾಜರಾಗುತ್ತಿತ್ತಂತೆ. ಬರಬರುತ್ತ ಅದರ ನಡತೆ ಕೆಟ್ಟಿತು. ಒಂದು ವರ್ಷ ನಾಲ್ಕು ಹನಿ ಉದುರಿಸಿ ಎರಡು ವಾರ ನಾಪತ್ತೆ. ಇನ್ನೊಂದು ವರ್ಷ ಜೂನ್ ಮುಗಿದರೂ ಸುದ್ದಿಯಿಲ್ಲ. ಸುತ್ತೋಲೆ ಮಾತ್ರ ಕದಲಲಿಲ್ಲ. ಮಳೆ ತಡವಾದರೆ ಅದು ಮಳೆಯ ತಪ್ಪು, ನೆಡುವುದು ತಡವಾದರೆ ನಮ್ಮ ತಪ್ಪು ಎಂಬುದು ನಮ್ಮ ಸಾಹೇಬರ ಸಿದ್ಧಾಂತ. ಅದರಲ್ಲಿನ ದೋಷ ಕಾಣುವಷ್ಟು ಬುದ್ಧಿ ನನಗಿತ್ತು, ಹೇಳುವಷ್ಟು ಧೈರ್ಯವಿರಲಿಲ್ಲ. ಹೀಗಾಗಿ ಕಾದ ಮುರಕಲ್ಲಿನ, ಎಂದರೆ ಜಂಬಿಟ್ಟಿಗೆಯ, ನೆಲದ ಗುಂಡಿಗಳಿಗೆ ಸಸಿಗಳನ್ನು ತಾರೀಕಿಗೆ ಸರಿಯಾಗಿ ಇಳಿಸುತ್ತಿದ್ದರು, ಅವು ವಾರದೊಳಗೆ ಸಾಯುತ್ತಿದ್ದವು, ನಾನು ‘ಕಾರ್ಯಕ್ರಮವು ಯಶಸ್ವಿಯಾಗಿ ಸಂಪನ್ನಗೊಂಡಿದೆ’ ಎಂದು ಟೈಪು ಮಾಡುತ್ತಿದ್ದೆ. ‘ಸಂಪನ್ನ’ ಎಂಬ ಪದದ ಮೇಲೆ ನನಗೆ ವಿಶೇಷ ವ್ಯಾಮೋಹ.

ಇದಕ್ಕೆ ಒಪ್ಪದವರು ಒಬ್ಬರೇ, ಅಜೆಕಾರಿನ ಗಾರ್ಡ್ ಸಂಜೀವಣ್ಣ. ಇಪ್ಪತ್ತೈದು ವರ್ಷ ಗುಡ್ಡೆ ಸುತ್ತಿದವರು. ನಾನೀಗ ಹೇಳುವ ವರ್ಷ, ಫಾರೆಸ್ಟರ್ ಆಗಿ ಬಡ್ತಿ ಪಡೆಯುವ ಪಟ್ಟಿಯಲ್ಲಿ ಅವರ ಹೆಸರೇ ಮೊದಲು. ವಯಸ್ಸು ನೋಡಿದರೆ ಅದೇ ಕೊನೆಯ ಅವಕಾಶ. ಅವರ ಹವಾಮಾನ ಶಾಸ್ತ್ರ ಬಹಳ ಚಿಕ್ಕದು. ಗುಂಡಿಗೆ ಮೊಣಕೈವರೆಗೆ ಕೈ ಹಾಕಿ ತಳದ ಮಣ್ಣನ್ನು ಒಂದು ಹಿಡಿ ತೆಗೆದು ಹಿಸುಕುವುದು. ಉಂಡೆಯಾದರೆ ನೆಡುವುದು, ಪುಡಿಯಾದರೆ ಸಸಿಗಳನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲೇ ನೆರಳಿಗಿಟ್ಟು ನೀರು ಹಾಕುತ್ತ ಕಾಯುವುದು. ಆ ಜೂನಿನಲ್ಲಿ ಮಣ್ಣು ಉಂಡೆಯಾಗಲೇ ಇಲ್ಲ. ಅವರು ಇಪ್ಪತ್ತು ದಿನ ಕಾದರು, ಸಾಹೇಬರು ಮೆಮೊ ಕೊಟ್ಟರು.

ಸಮಜಾಯಿಷಿ ಬರೆಸಲು ಅವರು ನನ್ನ ಮೇಜಿನ ಬಳಿ ಬಂದರು.

“ಎಂತ ಬರೆಯುವುದು ಸಂಜೀವಣ್ಣ?”

“ಮಣ್ಣು ಒಣಗಿ ಉಂಟು. ನೆಟ್ಟರೆ ಸಾಯ್ತದೆ, ಹಾಗಾಗಿ ನೆಡಲಿಲ್ಲ. ಅಷ್ಟೇ ಬರೆಯಿರಿ.”

ಇಷ್ಟು ಬೋಳು ಗದ್ಯವನ್ನು ನನ್ನ ಕೈಯಿಂದ ಹೊರಬಿಡುವುದುಂಟೆ? ಸಮಜಾಯಿಷಿ ಯಾವುದೇ ಇರಲಿ, ಅದು ಕ್ಷಮಾಯಾಚನೆಯಿಂದಲೇ ಆರಂಭವಾಗಬೇಕೆಂಬುದು ಗುಮಾಸ್ತ ಕುಲದ ಸಂಪ್ರದಾಯ, ಊಟಕ್ಕೆ ಮೊದಲು ಎಲೆಯ ತುದಿಗೆ ಉಪ್ಪು ಬಡಿಸುವ ಹಾಗೆ. ‘ನನ್ನಿಂದ ಸಂಭವಿಸಿದ ಕರ್ತವ್ಯಲೋಪಕ್ಕಾಗಿ ವಿನಮ್ರನಾಗಿ ಕ್ಷಮೆ ಯಾಚಿಸುತ್ತ’ ಎಂದು ಆರಂಭಿಸಿ ಎರಡು ಪುಟ ಬರೆದೆ. ಒಣ ಮಣ್ಣಿನ ವಿಚಾರ ಎರಡನೆಯ ಪುಟದ ತಳದಲ್ಲಿ ಬಂತು.

“ಕ್ಷಮೆ ಯಾಕೆ ಮಾರಾಯ್ರೆ? ನಾನು ತಪ್ಪು ಮಾಡ್ಲಿಲ್ಲ ಅಲ್ವಾ?” ಎಂದು ಅವರು ಕೇಳಿದರು.

“ಅದೊಂದು ಕ್ರಮ, ಅಷ್ಟೆ. ಅದನ್ನು ಯಾರೂ ಓದುವುದಿಲ್ಲ” ಎಂದೆ. ನನ್ನನ್ನು ನಂಬಿ ಸಹಿ ಹಾಕಿದರು.

ಮೇಲಿನವರು ಓದಿದ್ದು ಆ ಒಂದೇ ಸಾಲನ್ನು. ನೌಕರನು ತಪ್ಪನ್ನು ಒಪ್ಪಿಕೊಂಡಿರುವ ಕಾರಣ ಬಡ್ತಿಯನ್ನು ತಡೆಹಿಡಿಯಲಾಗಿದೆ ಎಂಬ ಆದೇಶ ಬಂತು. ಅಷ್ಟರಲ್ಲಿ ಅವರ ಸಸಿಗಳು ಜುಲೈ ಮಳೆಗೆ ಬೇರು ಬಿಟ್ಟಿದ್ದವು. ನಿಟ್ಟೆಯ ಬದಿಯಲ್ಲಿ ನಾನು ಸಂಪನ್ನಗೊಳಿಸಿದ ಗುಂಡಿಗಳಲ್ಲಿ ಒಣ ಕಡ್ಡಿಗಳಿದ್ದವು.

ಎರಡು ವರ್ಷ ಕಳೆದ ಮೇಲೆ ಮೇಲಿನವರಿಗೂ ಜ್ಞಾನೋದಯವಾಯಿತು. ‘ಬದಲಾಗುತ್ತಿರುವ ಹವಾಮಾನವನ್ನು ಪರಿಗಣಿಸಿ’ ಇನ್ನು ಮುಂದೆ ಜುಲೈ ಒಂದರ ನಂತರವೇ ನೆಡತಕ್ಕದ್ದೆಂದು ಹೊಸ ಸುತ್ತೋಲೆ ಹೊರಟಿತು. ಮಳೆಯ ಚಂಚಲತೆಗೆ ಇಲಾಖೆ ಕಂಡುಕೊಂಡ ಮದ್ದು ಇನ್ನೊಂದು ತಾರೀಕು. ಆ ವರ್ಷ ಮಳೆ ಮೇ ಕೊನೆಗೇ ಬಂದುಬಿಟ್ಟಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಗುಡ್ಡೆಯೆಲ್ಲ ನೆನೆದು ತೊಯ್ದಿರುವಾಗ ಸಸಿಗಳು ತೊಟ್ಟೆಯಲ್ಲೇ ಕೊಳೆಯುತ್ತ ಜುಲೈಯನ್ನು ಕಾದವು. ಸಂಜೀವಣ್ಣ ಮಾತ್ರ ಮಣ್ಣು ಹಿಸುಕಿ ನೋಡಿ ಜೂನ್ ಮೊದಲ ವಾರವೇ ನೆಟ್ಟು ಮುಗಿಸಿದ್ದರು. ಮತ್ತೆ ಮೆಮೊ.

ಈ ಸಲ ನಾನು ಪೆನ್ನು ಎತ್ತಿಕೊಳ್ಳುವಷ್ಟರಲ್ಲಿ ಅವರು ತಡೆದರು. “ಬೇಡ, ನಾನೇ ಬರೆಯುತ್ತೇನೆ. ನಿಮ್ಮ ಕನ್ನಡ ಚೆಂದ ಉಂಟು ಮಾರಾಯ್ರೆ, ಆದರೆ ನಾನು ಹೇಳಿದ್ದು ಅದರಲ್ಲಿ ಸಿಗುವುದಿಲ್ಲ.” ಮಣ್ಣು ಒದ್ದೆ ಇತ್ತು, ನೆಟ್ಟೆ ಎಂದು ಒಂದೇ ಸಾಲು ಬರೆದುಕೊಟ್ಟರು. ಒಂದಕ್ಷರ ತಿದ್ದದೆ ನಾನು ಟೈಪು ಮಾಡಿದ ಮೊದಲ ಕಾಗದ ಅದು.

ಅವರು ಗಾರ್ಡ್ ಆಗಿಯೇ ನಿವೃತ್ತರಾದರು. ಕೆಲವು ವರ್ಷಗಳ ಮೇಲೊಮ್ಮೆ ಕಾರ್ಕಳದ ಬಸ್ ನಿಲ್ದಾಣದಲ್ಲಿ ಸಿಕ್ಕಿ, ಮನೆಯವರ ಕ್ಷೇಮವನ್ನೆಲ್ಲ ವಿಚಾರಿಸಿ, “ಗಿಡಗಳೆಲ್ಲ ನನ್ನಿಂದ ಎತ್ತರ ಆಗಿವೆ, ಒಮ್ಮೆ ನೋಡಲಿಕ್ಕೆ ಬನ್ನಿ” ಎಂದರು. ಇನ್ನೊಬ್ಬರ ಹೆಸರಿನಲ್ಲಿ ಅದೆಷ್ಟು ಸಲ ಕ್ಷಮೆ ಕೇಳಿದ್ದೇನೋ, ಅಂದು ನನ್ನ ಹೆಸರಿನಲ್ಲಿ ಒಂದು ಸಲ ಕೇಳಬೇಕಿತ್ತು. ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು. ನಾನು ಮಳೆಯ ವಿಷಯ ಮಾತಾಡಿದೆ.