ತುಪ್ಪದ ಥರ್ಮಾಮೀಟರು

ಕೂಡ್ಲಿಗಿಯ ನಮ್ಮ ಹೈಸ್ಕೂಲಿನಲ್ಲಿ ಇದ್ದದ್ದು ಒಂದೇ ಒಂದು ಥರ್ಮಾಮೀಟರು. ಅದನ್ನು ಒಡೆದವಳು ಬೇರೆ ಯಾರೂ ಅಲ್ಲ, ಅಲ್ಲಿನ ವಿಜ್ಞಾನದ ಟೀಚರಾದ ನಾನೇ. ಎಪ್ಪತ್ತರ ದಶಕದ ಕೊನೆಯ ಮಾತು. ನನ್ನದು ತಾತ್ಕಾಲಿಕ ಕೆಲಸ. ಮರುದಿನ ಇನ್‌ಸ್ಪೆಕ್ಟರು ಬಂದು ನನ್ನ ಪಾಠ ನೋಡುವವರಿದ್ದರು. ಅವರು ಒಪ್ಪಿದರೆ ಮುಂದಿನ ವರ್ಷವೂ ಕೆಲಸ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಹಡಗಲಿಯ ತವರಿಗೆ. ಅಲ್ಲಿ ಅವ್ವ ನನಗೊಂದು ಗಂಡು ಗೊತ್ತುಮಾಡಿ ಕಾಯುತ್ತಿದ್ದಳು. ಗಂಡೇನೂ ಕೆಟ್ಟವನಲ್ಲ, ಆದರೆ ನನಗಿದ್ದದ್ದು ಪಾಠ ಹೇಳುವ ಹುಚ್ಚು.

ಒಡೆದದ್ದಾದರೂ ಹೇಗೆ? ನಾನು ಆಸ್ಪತ್ರೆಯ ಕಾಂಪೌಂಡರ್ ಮಗಳು. ಜ್ವರ ನೋಡುವ ಥರ್ಮಾಮೀಟರನ್ನು ಕೊಡವಿ ಪಾದರಸ ಇಳಿಸುವುದನ್ನು ನೋಡುತ್ತಲೇ ಬೆಳೆದವಳು. ಶಾಲೆಯದನ್ನು ಹಾಗೆ ಕೊಡವಬೇಕಾಗಿಲ್ಲ. ಅದು ನನಗೆ ಗೊತ್ತಿತ್ತು, ನನ್ನ ಕೈಗೆ ಗೊತ್ತಿರಲಿಲ್ಲ. ಮಕ್ಕಳ ಎದುರೇ ಒಂದು ಸಲ ಕೊಡವಿದೆ, ಮೇಜಿನ ಅಂಚಿಗೆ ತಗುಲಿ ಚೂರಾಯಿತು. ಹುಟ್ಟುಗುಣ ಸುಟ್ಟರೂ ಹೋಗದು.

ಪಾಠವೋ, ಶಾಖ ಬಿಡುವ ಕ್ರಿಯೆ ಯಾವುದು, ಶಾಖ ಹೀರುವ ಕ್ರಿಯೆ ಯಾವುದು ಎಂಬುದು. ಪುಸ್ತಕದಲ್ಲಿ ಬಹಿರುಷ್ಣಕ, ಅಂತರುಷ್ಣಕ ಎಂದು ಎರಡು ದೊಡ್ಡ ಹೆಸರು. ಮುಟ್ಟಿ ನೋಡಿದರಾಯಿತಲ್ಲ ಎನ್ನಬಹುದು. ಅರವತ್ತು ಮಕ್ಕಳು ಒಬ್ಬೊಬ್ಬರಾಗಿ ಮುಟ್ಟುವಷ್ಟರಲ್ಲಿ ಬಿಸಿ ಆರಿ, ತಂಪೂ ಹೋಗಿರುತ್ತದೆ.

ನಾನು ಬಾಡಿಗೆಗಿದ್ದದ್ದು ಬಸ್‌ಸ್ಟ್ಯಾಂಡಿನ ಹತ್ತಿರದ ಲಾರಿ ಮೆಕ್ಯಾನಿಕ್ ಒಬ್ಬರ ಮನೆಯಲ್ಲಿ. ಅವರ ಹೆಂಡತಿಯನ್ನು ನಾನು ಅವರ ಮನೆಮಾತಿನಂತೆ ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದೆ. ಆ ದಿನ ಮಗಳ ಮದುವೆಗೆಂದು ಮನೆಗೆ ಸುಣ್ಣ ಬಳಿಸುವ ಗಡಿಬಿಡಿ. ಅಂಗಳದ ಪೀಪಾಯಿಯಲ್ಲಿ ಸುಣ್ಣದ ಕಲ್ಲು ನೀರು ಕುಡಿದು ಕೊತಕೊತ ಕುದಿಯುತ್ತಿತ್ತು. ನಾನು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದೆ.

"ಏನಾತ್ರಿ ಟೀಚರ್?" ಎಂದರು ಆಪಾ. ಹೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ.

"ಬಿಸಿನೋ ತಂಪೋ ಅಂತ ತಿಳಕೊಳ್ಳಾಕ ಗಾಜಿನ ಕೊಳವಿ ಯಾಕ ಬೇಕ್ರಿ? ತುಪ್ಪ ಕೇಳ್ರಿ, ಅದ ಹೇಳತೈತಿ. ಚಳಿಗಾಲದಾಗ ಗಟ್ಟಿ ಆಗತೈತಿ, ಬ್ಯಾಸಿಗ್ಯಾಗ ಹರೀತೈತಿ. ಇಷ್ಟ ಅಲ್ಲೇನ್ರಿ ನಿಮ್ಮ ಪಾಠ?"

ಬಿಎಸ್ಸಿ ಓದಿದ ನಾನು ಬಾಯಿ ಬಿಟ್ಟುಕೊಂಡು ಕೂತೆ. ಆಪಾ ಆಗಲೇ ಅಡಿಗೆಮನೆಗೆ ಹೋಗಿ ತುಪ್ಪದ ಬಟ್ಟಲು, ಎರಡು ಸ್ಟೀಲ್ ಲೋಟ ತಂದಿದ್ದರು. ಮಾರ್ಚಿನ ಸೆಕೆಗೆ ತುಪ್ಪ ಅರೆ ಕರಗಿತ್ತು. ಎರಡೂ ಲೋಟದ ಹೊರಮೈಗೆ ಬೆರಳಿನಿಂದ ಒಂದೊಂದು ಗೀಟು ಬಳಿದೆವು. ಒಂದಕ್ಕೆ ನೀರು ಹಾಕಿ ಸುಣ್ಣದ ಕಲ್ಲಿನ ಚೂರು ಬಿಟ್ಟೆ. ನೀರು ಬಿಸಿಯಾಗುತ್ತಿದ್ದಂತೆ ತುಪ್ಪ ಸರಸರ ಇಳಿದು ನೆಲಕ್ಕೆ ಬಂತು. ಇನ್ನೊಂದರ ನೀರಿಗೆ ಪಕ್ಕದ ಮನೆಯ ರೈತರಿಂದ ತಂದ ಯೂರಿಯಾ ಎರಡು ಹಿಡಿ ಸುರಿದು ಕಲಕಿದೆ. ನೀರು ತಣ್ಣಗಾಯಿತು. ಇಳಿಯುತ್ತಿದ್ದ ತುಪ್ಪ ಅಲ್ಲೇ ನಿಂತು, ಬೆಳ್ಳಗಾಗಿ ಹೆಪ್ಪುಗಟ್ಟಿತು.

"ನಿಂತೇ ಬಿಡ್ತು ನೋಡ್ರಿ!" ಎಂದು ಆಪಾ ಚಪ್ಪಾಳೆ ತಟ್ಟಿದರು. ನಾನು ಅವರನ್ನು ಅಪ್ಪಿಕೊಂಡೆ. ಇಬ್ಬರ ಸೀರೆಗೂ ತುಪ್ಪವಾಯಿತು.

ಮರುದಿನ ಇನ್‌ಸ್ಪೆಕ್ಟರು ಹೆಡ್ಮಾಸ್ಟರರ ಜೊತೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಯೂರಿಯಾ ಕರಗುವುದು ಲೆಕ್ಕಕ್ಕೆ ರಾಸಾಯನಿಕ ಕ್ರಿಯೆ ಅಲ್ಲ, ಶಾಖ ಹೀರುವುದನ್ನು ಕಣ್ಣಿಗೆ ಕಾಣಿಸಲು ಇಟ್ಟಿದ್ದು ಎಂದು ಮೊದಲೇ ಹೇಳಿದೆ. ಸುಣ್ಣದ ಲೋಟದ ತುಪ್ಪ ಓಡಿತು, ಯೂರಿಯಾ ಲೋಟದ ತುಪ್ಪ ಕೂತಿತು. ಮಕ್ಕಳು ಬೆಂಚು ಹತ್ತಿ ಕೂಗಿದರು. ಯಾವುದು ಬಿಡುತ್ತದೆ, ಯಾವುದು ಹೀರುತ್ತದೆ ಎಂದು ನಾನು ಕೇಳುವ ಮೊದಲೇ ಅರವತ್ತು ಬಾಯಿ ಉತ್ತರ ಹೇಳಿದವು.

ಇನ್‌ಸ್ಪೆಕ್ಟರು ಎದ್ದು ಬಂದರು. "ಪಾಠ ಚೆನ್ನಾಗಿದೆ. ಥರ್ಮಾಮೀಟರ್ ಎಲ್ಲಮ್ಮ?"

ಮುಂದಿನ ಬೆಂಚಿನ ಹುಡುಗಿ ತಟ್ಟನೆ ಎದ್ದು, "ಟೀಚರ್ ನಿನ್ನೆ ಒಡದಾರ್ರಿ ಸಾರ್!" ಎಂದಳು. ಹೆಡ್ಮಾಸ್ಟರರ ಮುಖ ಸುಣ್ಣವಾಯಿತು. ನನ್ನ ಕತೆ ಮುಗಿಯಿತು ಎಂದುಕೊಂಡೆ.

ಇನ್‌ಸ್ಪೆಕ್ಟರು ಹೆಪ್ಪುಗಟ್ಟಿದ ತುಪ್ಪ ಮುಟ್ಟಿದರು, ಮೂಸಿದರು, ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಇದನ್ನು ಯಾವ ಕಾಲೇಜಿನಲ್ಲಿ ಕಲಿತಿರಿ?"

"ಕಾಲೇಜಿನಲ್ಲಲ್ಲ ಸಾರ್, ನಾನಿರುವ ಮನೆಯ ಯಜಮಾನಿಯಿಂದ. ಮೂರನೇ ಕ್ಲಾಸು ಓದಿದಾರೆ."

ಅವರು ಭೇಟಿ ಪುಸ್ತಕದಲ್ಲಿ ಬರೆದದ್ದನ್ನು ಚೀಟಿಯಲ್ಲಿ ಇಳಿಸಿಕೊಂಡು ಮನೆಗೆ ಓಡಿದೆ. ಆಪಾ ಏಣಿ ಹತ್ತಿ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಕೆಳಗೆ ನಿಂತು ಓದಿದೆ: "ಶಿಕ್ಷಕಿಯನ್ನು ಮುಂದುವರಿಸತಕ್ಕದ್ದು. ಇವರು ಮನೆಯ ಯಜಮಾನಿಯಿಂದ ಕಲಿತ ಈ ಪ್ರಯೋಗವನ್ನು ತಾಲೂಕಿನ ಉಳಿದ ಶಾಲೆಗಳಲ್ಲೂ ಮಾಡಿಸತಕ್ಕದ್ದು."

ಆಪಾ ಏಣಿ ಇಳಿದು ಬಂದರು. "ಇನ್ನೊಮ್ಮಿ ಓದ್ರಿ," ಎಂದರು. ಓದಿದೆ. "ಯಜಮಾನಿ ಅಂದ್ರ ನಾನಽ ಹೌದಲ್ರಿ? ಅಷ್ಟಽ ಇನ್ನೊಮ್ಮಿ ಓದ್ರಿ." ಮೂರನೇ ಸಲ ಓದುವಾಗ ಅವರ ಕಣ್ಣು ತುಂಬಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು:

"ಅದೆಲ್ಲಾ ಖರೇ. ನನ್ನ ತುಪ್ಪದ ಬಟ್ಟಲಾ ಎಲ್ಲೈತ್ರಿ?"

ಬಟ್ಟಲು ಶಾಲೆಯಲ್ಲೇ ಉಳಿದಿತ್ತು. ಮಧ್ಯಾಹ್ನದ ರೊಟ್ಟಿಗೆ ಮಕ್ಕಳು ಅದನ್ನು ಬಳಿದು ಖಾಲಿ ಮಾಡಿದ್ದರು. ಹೇಳಿದೆ. ಆಪಾ ಬೈಯಲಿಲ್ಲ. "ತಿನ್ಲಿ ಬಿಡ್ರಿ, ನಾನಽ ಕಲಿಸಿದ ಹುಡುಗ್ರು ಅವರು," ಎಂದು ಮತ್ತೆ ಏಣಿ ಹತ್ತಿದರು.