ಮಿಸೆಸ್ ಗ್ಯಾಸ್ಕಿನ್ ಕೂಗುತ್ತಿದ್ದ ಹಾಜರಿ
ಮಿಸಿಸಿಪ್ಪಿಯ ನಮ್ಮ ಕರಿಯರ ಶಾಲೆಯಲ್ಲಿ ಮಿಸೆಸ್ ಗ್ಯಾಸ್ಕಿನ್ ಹಾಜರಿ ಕೂಗಿದರೆ ದರ್ಬಾರು ನಡೆದಂತಿರುತ್ತಿತ್ತು. ಬರಿಗಾಲಿನ ಏಳು ವರ್ಷದವನೂ ಅವರ ಬಾಯಲ್ಲಿ 'ಮಿಸ್ಟರ್', ಹಲ್ಲು ಬಿದ್ದ ಹುಡುಗಿಯೂ 'ಮಿಸ್'. "ಮಿಸ್ಟರ್ ಪೆಟಿಗ್ರೂ, ತಾವು ಮೂಗು ಒರೆಸ್ಕೊಂಡ್ರೆ ಪಾಠ ಶುರು ಮಾಡ್ಬಹುದು" ಎಂದು ನನಗಾಗಿ ಕಾಯುತ್ತಿದ್ದರು. ಈಗಲೂ ಯಾರಾದರೂ ಮಿಸ್ಟರ್ ಎಂದರೆ ನನ್ನ ಕೈ ಮೊದಲು ಮೂಗಿಗೆ ಹೋಗುತ್ತದೆ. ಬೆತ್ತದ ಏಟಿಗೂ ಬಹುವಚನವೇ: "ಕೈ ಚಾಚಿ, ಮಿಸ್ಟರ್ ಪೆಟಿಗ್ರೂ." ಬಿಳಿಯರ ಶಾಲೆಯವರು ಓದಿ ಬಿಸಾಕಿದ ಪುಸ್ತಕ ನಮಗೆ ಬಂದರೆ, ಹಳೆಯ ಹೆಸರಿನ ಕೆಳಗೆ ನಮ್ಮ ಹೆಸರನ್ನು ಮಿಸ್ಟರ್ ಸಮೇತ ಇನ್ನೂ ದಪ್ಪಕ್ಷರದಲ್ಲಿ ಬರೆಸುತ್ತಿದ್ದರು. ವರ್ಷಕ್ಕೊಮ್ಮೆ ಬರುವ ಬಿಳಿ ತನಿಖಾಧಿಕಾರಿ ಅವರ ಹೆಸರು ಹಿಡಿದು "ಏ ಅರ್ಮೀಟಾ, ಬಾರೇ ಇಲ್ಲಿ" ಎಂದು ಎಷ್ಟು ಅರಚಿದರೂ ಅವರಿಗೆ ಕೇಳಿಸುತ್ತಲೇ ಇರಲಿಲ್ಲ. ಹಿಂದಿನ ಬೆಂಚಿನಲ್ಲಿ ಕಡಲೆಕಾಯಿ ಸುಲಿದರೂ ಕೇಳುವ ಕಿವಿ ಅದು! ಅವನು ಪ್ರತಿ ವರ್ಷ 'ಕಿವಿ ಮಂದ' ಎಂದು ಬರೆದುಕೊಂಡು ಹೋಗುತ್ತಿದ್ದ. ಶಾಲೆಯ ಒಲೆಗೆ ಸೌದೆ ತಂದುಹಾಕುತ್ತಿದ್ದವರು ನನ್ನ ತಾತ, ಅವರೂ ಪೆಟಿಗ್ರೂನೇ. ಎಪ್ಪತ್ತು ದಾಟಿದ್ದರೂ ಪೇಟೆಯ ಬಿಳಿಯರ ಮಕ್ಕಳು ಕೂಡ ಅವರನ್ನು ಕರೆಯುತ್ತಿದ್ದುದು 'ಏ ಹುಡುಗಾ' ಎಂದೇ. ಸೌದೆ ಇಳಿಸಿದ ಮೇಲೂ ಹಾಜರಿ ಮುಗಿಯುವ ತನಕ ಅವರು ಕಿಟಕಿಯ ಹೊರಗೆ ಏಕೆ ನಿಲ್ಲುತ್ತಾರೆಂದು ನನಗೆ ತಿಳಿದಿರಲಿಲ್ಲ. ಜನವರಿಯ ಒಂದು ಬೆಳಿಗ್ಗೆ ಗಂಟಲು ಕಟ್ಟಿ ನನಗೆ ದನಿಯೇ ಹೊರಡಲಿಲ್ಲ. "ಮಿಸ್ಟರ್ ಪೆಟಿಗ್ರೂ?" ಎಂದು ಮಿಸೆಸ್ ಗ್ಯಾಸ್ಕಿನ್ ಎರಡನೆಯ ಸಲ ಕೂಗಿದಾಗ, ಕಿಟಕಿಯಾಚೆ ತಾತ ಟೋಪಿ ತೆಗೆದು, "ಬಂದಿದ್ದೀನಿ, ಮೇಡಂ" ಎಂದರು. ನಾವೆಲ್ಲ ಗೊಳ್ಳೆಂದು ನಕ್ಕೆವು. ಮಿಸೆಸ್ ಗ್ಯಾಸ್ಕಿನ್ ನಗಲಿಲ್ಲ. ಪುಸ್ತಕದಲ್ಲಿ ಗುರುತು ಹಾಕಿ, ಕಿಟಕಿಯ ಕಡೆ ತಿರುಗಿ ಹೇಳಿದರು: "ಒಳಗೆ ಬನ್ನಿ, ಮಿಸ್ಟರ್ ಪೆಟಿಗ್ರೂ. ಚಳೀಲಿ ಯಾಕೆ ನಿಂತಿದ್ದೀರಿ?"